ವೇಗದೂತ ಬಸ್ ಜಾಲದ ವಿನ್ಯಾಸ: ಚಾಮರಾಜನಗರ–ಗುಂಡ್ಲುಪೇಟೆ ಮಾರ್ಗಗಳನ್ನು ಆಧರಿಸಿದ ಒಂದು ಅಧ್ಯಯನ

ಸರಕು ಸಾಗಣೆಯ ವೆಚ್ಚವನ್ನು ವರ್ತಕರು ಕಾಸಿಗೆ ಕಾಸು ಲೆಕ್ಕ ಹಾಕುತ್ತಾರೆ. ಲಾರಿ ಬಾಡಿಗೆ, ಹಮಾಲಿ, ತೂಕದ ಕಡಿತ ಎಲ್ಲವೂ ಖಾತೆ ಪುಸ್ತಕದಲ್ಲಿ ನಮೂದಾಗುತ್ತವೆ. ಆದರೆ ಅಂಗಡಿಯ ಗುಮಾಸ್ತ, ಕಾರ್ಖಾನೆಯ ಕಾರ್ಮಿಕ, ಬಿಡಿಭಾಗ ತರಲು ಹೋದ ಮೆಕ್ಯಾನಿಕ್, ತೆರಿಗೆ ಕಚೇರಿಗೆ ಹೋದ ಮಾಲೀಕ ಇವರೆಲ್ಲರೂ ರಸ್ತೆಯಲ್ಲಿ ಕಳೆಯುವ ಕಾಲಕ್ಕೆ ಯಾವ ಖಾತೆಯೂ ಇಲ್ಲ. ಸಣ್ಣ ಉದ್ದಿಮೆಯ ಮಟ್ಟಿಗೆ ಈ ವೆಚ್ಚವೇನೂ ಅಲ್ಪವಲ್ಲ. 20 ಮಂದಿ ದುಡಿಯುವ ಒಂದು ಘಟಕದಲ್ಲಿ ಪ್ರತಿಯೊಬ್ಬರಿಗೂ ಹೋಗುವಾಗ 25, ಬರುವಾಗ 25 ನಿಮಿಷ ಉಳಿದರೆ ದಿನಕ್ಕೆ 1000 ನಿಮಿಷ, ಅಂದರೆ ಹದಿನಾರು ಗಂಟೆಗೂ ಮಿಗಿಲಾದ ಮನುಷ್ಯಕಾಲ ಉಳಿಯುತ್ತದೆ.

ಬಸ್ಸುಗಳು ವೇಗವಾಗಿ ಓಡಬೇಕೆಂಬ ಬೇಡಿಕೆ ಹೊಸದಲ್ಲ. ವೇಗವೆಂದರೆ ಹೊಸ ಬಸ್ಸು, ಬಲವಾದ ಇಂಜಿನ್, ಅಗಲವಾದ ರಸ್ತೆ ಎಂಬ ತಿಳಿವಳಿಕೆಯೇ ಸಾಮಾನ್ಯವಾಗಿದೆ. ವಾಸ್ತವವಾಗಿ ಬಸ್ ಪ್ರಯಾಣದ ಕಾಲ ಹೆಚ್ಚಾಗಿ ನಷ್ಟವಾಗುವುದು ಬಸ್ಸು ನಿಂತಿರುವಾಗ ಮತ್ತು ಪ್ರಯಾಣಿಕ ಕಾಯುತ್ತಿರುವಾಗ. ಈ ನಷ್ಟವನ್ನು ತಗ್ಗಿಸುವ ಬಗೆಯನ್ನು ಮೈಸೂರು ಮಹಾನಗರ ಹಾಗೂ ಅದರ ದಕ್ಷಿಣಕ್ಕಿರುವ ಚಾಮರಾಜನಗರ, ಗುಂಡ್ಲುಪೇಟೆಗಳ ಮಾರ್ಗಗಳನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಪ್ರದೇಶದ ಸ್ವರೂಪ

ಮೈಸೂರಿನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 766 (ಹಿಂದಿನ 212) ನಂಜನಗೂಡು, ಬೇಗೂರುಗಳ ಮೂಲಕ ಸುಮಾರು 60 ಕಿ.ಮೀ. ದೂರದ ಗುಂಡ್ಲುಪೇಟೆಯನ್ನು ಸೇರಿ, ಬಂಡೀಪುರದ ಅರಣ್ಯ ದಾಟಿ ಸುಲ್ತಾನ್ ಬತ್ತೇರಿ, ಕೋಳಿಕೋಡ್‌ಗಳತ್ತ ಸಾಗುತ್ತದೆ. ಗುಂಡ್ಲುಪೇಟೆಯಿಂದಲೇ ಕವಲೊಡೆಯುವ ಹೆದ್ದಾರಿ 181 (ಹಿಂದಿನ 67) ಊಟಿಗೆ ಹೋಗುತ್ತದೆ. ಮೈಸೂರಿನಿಂದ ನಂಜನಗೂಡಿನ ಮೂಲಕ ಚಾಮರಾಜನಗರಕ್ಕೂ ಸುಮಾರು 60 ಕಿ.ಮೀ. ದೂರವೇ ಇದೆ. ಚಾಮರಾಜನಗರದ ಮೂಲಕ ಹಾದುಹೋಗುವ ಹೆದ್ದಾರಿ 948 (ಹಿಂದಿನ 209) ಒಂದು ಕಡೆ ಯಳಂದೂರು, ಕೊಳ್ಳೇಗಾಲಗಳಿಗೂ ಇನ್ನೊಂದು ಕಡೆ ದಿಂಬಂ ಘಾಟಿಯಿಳಿದು ಸತ್ಯಮಂಗಲಕ್ಕೂ ಸಂಪರ್ಕ ಕಲ್ಪಿಸುತ್ತದೆ. ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳ ನಡುವೆ ತೆರಕಣಾಂಬಿಯ ಮೇಲೆ ಹಾಯುವ ರಸ್ತೆಯ ಉದ್ದ ಸುಮಾರು 35 ಕಿ.ಮೀ.

1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಡಿಸಿ ಚಾಮರಾಜನಗರ ಜಿಲ್ಲೆಯನ್ನು ರಚಿಸಲಾಯಿತು. ಅಂದಿನಿಂದ ಈ ಭಾಗದ ಪ್ರಯಾಣಕ್ಕೆ ಎರಡು ದಿಕ್ಕುಗಳಾದವು. ಗುಂಡ್ಲುಪೇಟೆಯ ವರ್ತಕನಿಗೆ ಸಗಟು ಖರೀದಿ, ಆಸ್ಪತ್ರೆ, ಉನ್ನತ ಶಿಕ್ಷಣ ಇತ್ಯಾದಿಗಳಿಗೆ ಮೈಸೂರೇ ಕೇಂದ್ರವಾಗಿ ಉಳಿಯಿತು. ಜಿಲ್ಲಾಧಿಕಾರಿಗಳ ಕಚೇರಿ, ಜಿಲ್ಲಾ ನ್ಯಾಯಾಲಯ, ಜಿಲ್ಲಾ ಕೈಗಾರಿಕಾ ಕೇಂದ್ರಗಳ ಕೆಲಸಕ್ಕೆ ಮಾತ್ರ ಚಾಮರಾಜನಗರಕ್ಕೆ ಹೋಗಬೇಕಾಯಿತು. ಚಾಮರಾಜನಗರಕ್ಕೆ ಮೈಸೂರಿನಿಂದ ರೈಲುಮಾರ್ಗವಿದೆ, ಆ ಮಾರ್ಗ ಅಲ್ಲಿಗೇ ಕೊನೆಗೊಳ್ಳುತ್ತದೆ. ಗುಂಡ್ಲುಪೇಟೆಗೆ ರೈಲಿಲ್ಲ. ಆದುದರಿಂದ ಮೈಸೂರಿಗೆ ಹೋಗುವ ನೇರ ಮಾರ್ಗಗಳಷ್ಟೇ ಮಹತ್ವವನ್ನು ಈ 35 ಕಿ.ಮೀ. ಅಡ್ಡ ಮಾರ್ಗಕ್ಕೂ ನೀಡುವ ಜಾಲ ಇಲ್ಲಿ ಬೇಕು.

ಕಾಲ ಎಲ್ಲಿ ಕಳೆಯುತ್ತದೆ?

ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡುತ್ತಿರುವ ಬಸ್ಸು ಒಂದು ನಿಲುಗಡೆಯಲ್ಲಿ ನಿಂತು ಮತ್ತೆ ಅದೇ ವೇಗವನ್ನು ಪಡೆಯುವುದರೊಳಗೆ, ನಿಲ್ಲದೆ ಓಡಿದ ಬಸ್ಸಿಗಿಂತ ಸುಮಾರು 20 ಸೆಕೆಂಡು ಹಿಂದೆ ಬೀಳುತ್ತದೆ. ಹತ್ತಿ ಇಳಿಯಲು 40 ಸೆಕೆಂಡು ಹಿಡಿದರೆ ಒಂದು ನಿಲುಗಡೆಯ ಬೆಲೆ ಒಂದು ನಿಮಿಷವಾಗುತ್ತದೆ. ಲೆಕ್ಕಕ್ಕೆ ಅನುಕೂಲವಾದ ಈ ಸೂತ್ರವನ್ನು ನೆನಪಿನಲ್ಲಿಟ್ಟುಕೊಳ್ಳಬಹುದು.

ಈಗ ಮೈಸೂರು–ಗುಂಡ್ಲುಪೇಟೆ ಮಾರ್ಗವನ್ನು ಮಾದರಿಯಾಗಿ ತೆಗೆದುಕೊಳ್ಳೋಣ. 60 ಕಿ.ಮೀ. ದೂರವನ್ನು 50 ಕಿ.ಮೀ. ವೇಗದಲ್ಲಿ ಕ್ರಮಿಸಲು 72 ನಿಮಿಷ ಬೇಕು. ಸಾಮಾನ್ಯ ಬಸ್ಸು ದಾರಿಯಲ್ಲಿ 25 ಕಡೆ ನಿಂತು, ನಂಜನಗೂಡಿನ ನಿಲ್ದಾಣದಲ್ಲಿ 8 ನಿಮಿಷ ಕಳೆಯುತ್ತದೆಂದು ಭಾವಿಸಿದರೆ ಒಟ್ಟು ಕಾಲ 105 ನಿಮಿಷ. ವೇಗದೂತ ಬಸ್ಸು 5 ಕಡೆ ಮಾತ್ರ ನಿಂತು, ನಂಜನಗೂಡಿನಲ್ಲಿ 3 ನಿಮಿಷದಲ್ಲಿ ಹೊರಟರೆ ಒಟ್ಟು ಕಾಲ 80 ನಿಮಿಷ. ಎರಡೂ ಬಸ್ಸುಗಳ ಓಟದ ವೇಗ ಒಂದೇ ಆಗಿದ್ದರೂ ಪ್ರಯಾಣದಲ್ಲಿ 25 ನಿಮಿಷ ಉಳಿಯಿತು.

ಇದಕ್ಕೆ ಬದಲಾಗಿ ಓಟದ ವೇಗವನ್ನೇ 50ರಿಂದ 60ಕ್ಕೆ ಏರಿಸಿದರೆ ಉಳಿಯುವುದು 12 ನಿಮಿಷ ಮಾತ್ರ. ಅದಕ್ಕಾಗಿ ಹೆಚ್ಚು ಡೀಸೆಲ್, ಹೆಚ್ಚು ಟೈರು, ಎಲ್ಲಕ್ಕಿಂತ ಮಿಗಿಲಾಗಿ ಹೆಚ್ಚಿನ ಅಪಾಯವನ್ನು ತೆರಬೇಕಾಗುತ್ತದೆ. ಎತ್ತಿನಗಾಡಿ, ಟ್ರ್ಯಾಕ್ಟರ್, ದ್ವಿಚಕ್ರ ವಾಹನಗಳು ಒಟ್ಟಿಗೆ ಸಾಗುವ ರಸ್ತೆಯಲ್ಲಿ ಇದು ಸಲ್ಲದ ಮಾರ್ಗ. ಚಾಲಕನನ್ನು ಅವಸರಪಡಿಸಿ ಪಡೆದ ವೇಗಕ್ಕಿಂತ ವೇಳಾಪಟ್ಟಿಯನ್ನು ತಿದ್ದಿ ಪಡೆದ ವೇಗ ಅಗ್ಗವೂ ಹೌದು, ಸುರಕ್ಷಿತವೂ ಹೌದು.

ಟಿಕೆಟ್ ವಿತರಣೆಯಲ್ಲಿಯೂ ಕಾಲ ಕಳೆಯುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ರಾಜ್ಯದ ಮಹಿಳೆಯರು ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸುತ್ತಾರೆ. ಅವರಿಗೂ ಶೂನ್ಯ ದರದ ಟಿಕೆಟ್ ನೀಡಬೇಕಾದ್ದರಿಂದ ನಿರ್ವಾಹಕನ ಕೆಲಸ ಕಡಿಮೆಯಾಗಿಲ್ಲ. ಬಸ್ಸು ಹೊರಡುವ ಮುನ್ನವೇ ನಿಲ್ದಾಣದಲ್ಲಿ ಟಿಕೆಟ್ ಕೊಟ್ಟು ಮುಗಿಸಿದರೆ, ಎಲ್ಲರಿಗೂ ಟಿಕೆಟ್ ಆಗುವವರೆಗೆ ಬಸ್ಸನ್ನು ಊರಾಚೆ ನಿಲ್ಲಿಸಿಕೊಳ್ಳುವ ಪ್ರಮೇಯ ಬರುವುದಿಲ್ಲ.

ಹತ್ತು ನಿಮಿಷ ಮತ್ತು ಒಂದು ಬಸ್ಸು

ಬಂಡವಾಳ ವರ್ಷಕ್ಕೆ ಎಷ್ಟು ಬಾರಿ ತಿರುಗುತ್ತದೆ ಎಂಬುದರ ಮೇಲೆ ವ್ಯಾಪಾರದ ಲಾಭ ನಿಂತಿದೆ. ಬಸ್ಸಿಗೂ ಇದೇ ನಿಯಮ ಅನ್ವಯಿಸುತ್ತದೆ. ಹೋಗಿ ಬರುವ ಒಟ್ಟು ಕಾಲವನ್ನು ಎರಡು ಬಸ್ಸುಗಳ ನಡುವಣ ಅಂತರದಿಂದ ಭಾಗಿಸಿದರೆ ಆ ಮಾರ್ಗಕ್ಕೆ ಬೇಕಾದ ಬಸ್ಸುಗಳ ಸಂಖ್ಯೆ ದೊರೆಯುತ್ತದೆ. ಭಿನ್ನಾಂಕ ಬಂದರೆ ಮುಂದಿನ ಪೂರ್ಣಾಂಕಕ್ಕೆ ಏರಿಸಬೇಕು, ಏಕೆಂದರೆ ಅರ್ಧ ಬಸ್ಸನ್ನು ಓಡಿಸಲಾಗದು.

ಚಾಮರಾಜನಗರ–ಗುಂಡ್ಲುಪೇಟೆ ನಡುವೆ ಗಂಟೆಗೊಂದು ಬಸ್ಸು ಬೇಕೆನ್ನೋಣ. 45 ಕಿ.ಮೀ. ವೇಗದಲ್ಲಿ ಓಟದ ಕಾಲ 47 ನಿಮಿಷ. 15 ನಿಲುಗಡೆಗಳಿದ್ದರೆ 62 ನಿಮಿಷ, ಕೊನೆಯ ನಿಲ್ದಾಣದಲ್ಲಿ 8 ನಿಮಿಷದ ವಿರಾಮ ಸೇರಿ 70 ನಿಮಿಷ. ಹೋಗಿ ಬರಲು 140 ನಿಮಿಷ ಬೇಕಾದ್ದರಿಂದ ಮೂರು ಬಸ್ಸುಗಳು ಅಗತ್ಯ. ನಿಲುಗಡೆಗಳು 5 ಆದರೆ 52 ನಿಮಿಷ, ವಿರಾಮ ಸೇರಿ ಸರಿಯಾಗಿ 60 ನಿಮಿಷ. ಹೋಗಿ ಬರಲು 120 ನಿಮಿಷ. ಆಗ ಎರಡೇ ಬಸ್ಸು ಸಾಕು. ಒಂದು ಬದಿಯಲ್ಲಿ ಹತ್ತು ನಿಮಿಷ ಉಳಿಸಿದ್ದರಿಂದ ಮೂರರಲ್ಲಿ ಒಂದು ಬಸ್ಸು, ಅದರೊಂದಿಗೆ ಅದರ ಚಾಲಕ ಮತ್ತು ನಿರ್ವಾಹಕ ಬಿಡುವಾದರು.

ಮೈಸೂರು–ಗುಂಡ್ಲುಪೇಟೆ ಮಾರ್ಗದಲ್ಲಿಯೂ ಹೀಗೆಯೇ. ಅರ್ಧ ಗಂಟೆಗೊಂದರಂತೆ ಓಡಿಸುವುದಾದರೆ, 10 ನಿಮಿಷದ ವಿರಾಮವನ್ನು ಸೇರಿಸಿ, 105 ನಿಮಿಷದ ಪ್ರಯಾಣಕ್ಕೆ 8 ಬಸ್ಸುಗಳೂ 80 ನಿಮಿಷದ ಪ್ರಯಾಣಕ್ಕೆ 6 ಬಸ್ಸುಗಳೂ ಬೇಕಾಗುತ್ತವೆ.

ಹೀಗೆ ಉಳಿದ ಬಸ್ಸುಗಳನ್ನು ಏನು ಮಾಡಬೇಕು ಎಂಬುದೇ ಇಡೀ ಯೋಜನೆಯ ಮರ್ಮ. ಅವುಗಳನ್ನು ಬೇರೆಡೆಗೆ ಕಳುಹಿಸಿದರೆ ವೇಗದೂತ ಸೇವೆಯು ಪಟ್ಟಣದವರ ಅನುಕೂಲಕ್ಕಾಗಿ ಹಳ್ಳಿಗಳಿಂದ ಕಿತ್ತುಕೊಂಡ ಸೌಲಭ್ಯವಾಗುತ್ತದೆ. ಅದೇ ಬಸ್ಸುಗಳನ್ನು ತೆರಕಣಾಂಬಿ, ಬೇಗೂರು ಮುಂತಾದ ಕಡೆಗಳಿಂದ ಸುತ್ತಲಿನ ಹಳ್ಳಿಗಳಿಗೆ ಓಡಿಸಿದರೆ, ವೇಗದ ಲಾಭ ಹೆದ್ದಾರಿಯ ಬದಿಯಲ್ಲಿಲ್ಲದ ಊರುಗಳಿಗೂ ತಲುಪುತ್ತದೆ. ಹಳ್ಳಿಯ ಗಿರಾಕಿ ಪೇಟೆಗೆ ಬಂದರಷ್ಟೇ ಪೇಟೆಯ ವ್ಯಾಪಾರ ನಡೆಯುತ್ತದೆಂಬುದನ್ನು ವರ್ತಕರಿಗೆ ಬೇರೆ ಹೇಳಬೇಕಾಗಿಲ್ಲ.

ಗಡಿಯಾರಕ್ಕೆ ಹೊಂದಿದ ವೇಳಾಪಟ್ಟಿ

ಕಾಲನಷ್ಟದ ಇನ್ನೊಂದು ಮೂಲ ಬಸ್ಸು ಬದಲಿಸುವ ಸ್ಥಳ. ಗಂಟೆಗೊಂದು ಬಸ್ಸಿರುವ ಮಾರ್ಗದಲ್ಲಿ ಹೊಂದಾಣಿಕೆಯಿಲ್ಲದ ವೇಳಾಪಟ್ಟಿಯಿದ್ದರೆ ಪ್ರಯಾಣಿಕ ಸರಾಸರಿ ಅರ್ಧ ಗಂಟೆ ಕಾಯಬೇಕಾಗುತ್ತದೆ. ದಾರಿಯಲ್ಲಿ ಉಳಿಸಿದ ಹತ್ತು ನಿಮಿಷ ನಿಲ್ದಾಣದ ಬೆಂಚಿನ ಮೇಲೆ ಮೂರು ಪಟ್ಟಾಗಿ ಕಳೆದುಹೋಗುತ್ತದೆ.

ಸ್ವಿಟ್ಜರ್ಲೆಂಡ್ ದೇಶವು 1982ರಲ್ಲಿ ತನ್ನ ರೈಲುಗಳಿಗೆ ಗಡಿಯಾರಕ್ಕೆ ಹೊಂದಿದ ವೇಳಾಪಟ್ಟಿಯನ್ನು ಜಾರಿಗೆ ತಂದಿತು. ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ರೈಲು ಹೊರಡುವುದು, ಕೂಡು ನಿಲ್ದಾಣಕ್ಕೆ ಎಲ್ಲ ದಿಕ್ಕುಗಳ ವಾಹನಗಳೂ ಗಂಟೆ ತುಂಬುವ ಮುನ್ನ ಬಂದು, ಪ್ರಯಾಣಿಕರನ್ನು ಬದಲಿಸಿಕೊಂಡು, ಗಂಟೆಯಾದ ಕೂಡಲೇ ಹೊರಡುವುದು ಈ ಪದ್ಧತಿಯ ತಿರುಳು. ಇಲ್ಲಿ ವಾಹನವು ಎಷ್ಟು ಸಾಧ್ಯವೋ ಅಷ್ಟು ವೇಗವಾಗಿ ಓಡಬೇಕಾಗಿಲ್ಲ, ಮುಂದಿನ ಕೂಡು ನಿಲ್ದಾಣವನ್ನು ಹೊತ್ತಿಗೆ ಸರಿಯಾಗಿ ಮುಟ್ಟಿದರೆ ಸಾಕು.

ಗುಂಡ್ಲುಪೇಟೆ ಇಂತಹ ಕೂಡು ನಿಲ್ದಾಣಕ್ಕೆ ತಕ್ಕ ಊರು. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, 7.30ಕ್ಕೆ ಮೈಸೂರು ಬಿಟ್ಟ ಬಸ್ಸು 8.50ಕ್ಕೂ 8 ಗಂಟೆಗೆ ಚಾಮರಾಜನಗರ ಬಿಟ್ಟ ಬಸ್ಸು 8.52ಕ್ಕೂ ಗುಂಡ್ಲುಪೇಟೆಯನ್ನು ಸೇರುತ್ತವೆ. 9 ಗಂಟೆಗೆ ಎರಡೂ ಹಿಂದಿರುಗುತ್ತವೆ. ಊಟಿ, ಸುಲ್ತಾನ್ ಬತ್ತೇರಿಗಳ ಬಸ್ಸುಗಳೂ ಹಳ್ಳಿಗಳ ಬಸ್ಸುಗಳೂ ಅದೇ ಹೊತ್ತಿಗೆ ಹೊರಡುವಂತಿದ್ದರೆ ಯಾವ ದಿಕ್ಕಿನಿಂದ ಬಂದವರಿಗೂ ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯುವ ಸಂದರ್ಭ ಬರದು. ಇದಕ್ಕೆ ಒಂದು ಲೀಟರ್ ಡೀಸೆಲ್ ಕೂಡ ಹೆಚ್ಚಿಗೆ ಬೇಡ.

ಮೈಸೂರು–ನಂಜನಗೂಡು ನಡುವಣ ಭಾಗವು ಗುಂಡ್ಲುಪೇಟೆ ಮತ್ತು ಚಾಮರಾಜನಗರಗಳ ಎರಡೂ ಮಾರ್ಗಗಳಿಗೆ ಸೇರಿದ್ದು. ಎರಡೂ ಅರ್ಧ ಗಂಟೆಗೊಂದರಂತೆ ಒಂದೇ ನಿಮಿಷಕ್ಕೆ ಹೊರಟರೆ ನಂಜನಗೂಡಿನವರಿಗೆ ಎರಡು ಬಸ್ಸು ಒಟ್ಟಿಗೆ, ಬಳಿಕ ಅರ್ಧ ಗಂಟೆ ಏನೂ ಇಲ್ಲ. ಒಂದು 8, 8.30ಕ್ಕೂ ಇನ್ನೊಂದು 8.15, 8.45ಕ್ಕೂ ಹೊರಟರೆ ಅಷ್ಟೇ ಬಸ್ಸುಗಳಿಂದ ಕಾಲು ಗಂಟೆಗೊಂದು ಸೇವೆ ದೊರೆಯುತ್ತದೆ. ನಂಜನಗೂಡು, ತಾಂಡವಪುರಗಳ ಕೈಗಾರಿಕೆಗಳಲ್ಲಿ ದುಡಿಯುವವರಿಗೆ ಇದರಿಂದ ಬಹಳ ಪ್ರಯೋಜನವಿದೆ.

ಈ ಪ್ರದೇಶದಲ್ಲಿ ಗಡಿಯಾರಕ್ಕೆ ಇನ್ನೊಂದು ವಿಶೇಷ ಮಹತ್ವವೂ ಇದೆ. ವನ್ಯಜೀವಿಗಳ ರಕ್ಷಣೆಗಾಗಿ 2009ರಿಂದ ಬಂಡೀಪುರದ ಎರಡೂ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಲಾಗಿದೆ. 2010ರಲ್ಲಿ ಉಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಕೆಲವೇ ಸರ್ಕಾರಿ ಬಸ್ಸುಗಳಿಗೆ ಮತ್ತು ತುರ್ತು ವಾಹನಗಳಿಗೆ ಮಾತ್ರ ವಿನಾಯಿತಿಯಿದೆ. ಆದುದರಿಂದ ಕೇರಳ ಮತ್ತು ನೀಲಗಿರಿಯ ಕಡೆಗೆ ಸಂಜೆಯ ಕೊನೆಯ ಕೂಡುವೇಳೆ ಗುಂಡ್ಲುಪೇಟೆಯಲ್ಲಿ 8 ಗಂಟೆಯಾಗಿರಬೇಕು. ಅದಕ್ಕೆ ಹೊಂದುವ ಬಸ್ಸು ಮೈಸೂರನ್ನು 6.30ಕ್ಕೂ ಚಾಮರಾಜನಗರವನ್ನು 7ಕ್ಕೂ ಬಿಡಬೇಕು. ಇಂತಹ ಖಚಿತ ವೇಳೆ ಗೊತ್ತಿದ್ದರೆ ವರ್ತಕನು ಸಂಜೆ 6ರವರೆಗೂ ಮೈಸೂರಿನಲ್ಲಿ ಕೆಲಸ ಮುಗಿಸಿಕೊಳ್ಳಬಲ್ಲ. ಗೊತ್ತಿಲ್ಲದಿದ್ದರೆ ಮಧ್ಯಾಹ್ನವೇ ಹೊರಡಬೇಕಾಗುತ್ತದೆ. ಅರಣ್ಯದೊಳಗಿನ ರಸ್ತೆಯಲ್ಲಿ ಮಾತ್ರ ವೇಗವನ್ನು ಹುಡುಕಬಾರದು. ಅಲ್ಲಿ ನಿಧಾನವಾಗಿ ಸಾಗಲು ಬೇಕಾದ ಕಾಲವನ್ನು ಹೊರಗಿನ ರಸ್ತೆಯಲ್ಲಿ ಉಳಿಸಿಕೊಡುವುದೇ ಸರಿಯಾದ ವಿನ್ಯಾಸ.

ಯಾವ ನಿಲುಗಡೆ ಉಳಿಯಬೇಕು?

ಇದು ಯೋಜನೆಯ ಅತ್ಯಂತ ಸೂಕ್ಷ್ಮ ಭಾಗ. ಪ್ರತಿ ಊರೂ ವೇಗದೂತ ಬಸ್ಸು ತನ್ನಲ್ಲಿ ನಿಲ್ಲಬೇಕೆಂದು ಕೇಳುತ್ತದೆ. ಒಂದೊಂದಾಗಿ ಒಪ್ಪಿಕೊಂಡು ಹೋದರೆ ಕೆಲವೇ ವರ್ಷಗಳಲ್ಲಿ ಫಲಕದ ಮೇಲೆ ಮಾತ್ರ ವೇಗದೂತ ಎಂದಿರುತ್ತದೆ. ಎಲ್ಲವನ್ನೂ ತಿರಸ್ಕರಿಸಿದರೆ ಅನ್ಯಾಯವಾಗುತ್ತದೆ. ತೀರ್ಮಾನಕ್ಕೆ ಒಂದು ಅಳತೆಗೋಲು ಬೇಕು.

ಬಸ್ಸಿನಲ್ಲಿ 40 ಮಂದಿ ಇರುವಾಗ ಒಂದು ನಿಮಿಷ ನಿಂತರೆ ಒಟ್ಟು ನಷ್ಟ 40 ನಿಮಿಷ. ನಿಲ್ಲದಿದ್ದರೆ ಅಲ್ಲಿ ಕಾದವರು ಸಾಮಾನ್ಯ ಬಸ್ಸಿನಲ್ಲಿ ಬರಬೇಕು. ಅದರಿಂದ ಒಬ್ಬೊಬ್ಬರಿಗೆ 20 ನಿಮಿಷ ತಡವಾಗುವುದಾದರೆ ಇಬ್ಬರು ಕಾಯುತ್ತಿದ್ದರೂ ಲಾಭನಷ್ಟ ಸಮವಾಗುತ್ತದೆ, ಮೂವರಿದ್ದರೆ ನಿಲ್ಲುವುದೇ ಸರಿ. ಸಾಮಾನ್ಯ ಬಸ್ಸು ಬೇಗ ಸಿಕ್ಕಿ ತಡವು 8 ನಿಮಿಷಕ್ಕೆ ಇಳಿದರೆ, ಐವರಿಗಿಂತ ಹೆಚ್ಚು ಮಂದಿ ಇದ್ದಲ್ಲಿ ಮಾತ್ರ ನಿಲ್ಲುವುದು ಸಮರ್ಥನೀಯ.

ಈ ಸರಳ ಗಣಿತವು ಒಂದು ದೊಡ್ಡ ಮಾತನ್ನು ಹೇಳುತ್ತದೆ. ಸಾಮಾನ್ಯ ಬಸ್ ಸೇವೆ ಚೆನ್ನಾಗಿರುವ ಕಡೆ ಮಾತ್ರ ವೇಗದೂತ ಬಸ್ಸು ನಿಲ್ಲದೆ ಹೋಗುವುದಕ್ಕೆ ನ್ಯಾಯವಿದೆ. ಸಾಮಾನ್ಯ ಸೇವೆಯನ್ನು ಕಡಿತಗೊಳಿಸಿ ವೇಗದೂತವನ್ನು ಆರಂಭಿಸಿದರೆ ನಿಲುಗಡೆಗಾಗಿ ಬರುವ ಒತ್ತಾಯ ನ್ಯಾಯಸಮ್ಮತವೇ ಆಗುತ್ತದೆ, ಅದಕ್ಕೆ ಮಣಿದಂತೆಲ್ಲ ವೇಗವೂ ಕರಗುತ್ತದೆ. ಎರಡೂ ಸೇವೆಗಳು ಒಂದನ್ನೊಂದು ಅವಲಂಬಿಸಿವೆ.

ಬಸ್ಸಿನಲ್ಲಿ ಸರಕು

ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು 2021ರ ಫೆಬ್ರವರಿಯಲ್ಲಿ ನಮ್ಮ ಕಾರ್ಗೋ ಸೇವೆಯನ್ನು ಆರಂಭಿಸಿತು. ಔಷಧಿ, ಯಂತ್ರದ ಬಿಡಿಭಾಗ, ಬಟ್ಟೆಯ ಮಾದರಿ, ದಾಖಲೆಪತ್ರಗಳಂತಹ ಹಗುರವಾದ, ತುರ್ತಿನ ವಸ್ತುಗಳಿಗೆ ನಿಗದಿತ ವೇಳೆಯ ಬಸ್ಸು ಲಾರಿಗಿಂತ ಹೆಚ್ಚು ಅನುಕೂಲ. ಯಂತ್ರ ಕೆಟ್ಟು ಕೆಲಸ ನಿಂತಿರುವ ಉದ್ದಿಮೆಗೆ ಬೇರಿಂಗ್ ಒಂದು ಮಧ್ಯಾಹ್ನದೊಳಗೆ ತಲುಪುವುದಕ್ಕೂ ಮರುದಿನ ತಲುಪುವುದಕ್ಕೂ ಒಂದು ದಿನದ ಉತ್ಪಾದನೆಯಷ್ಟು ಅಂತರವಿದೆ.

ಆದರೆ ದಾರಿಯ ನಡುವೆ ಮೂಟೆ ಏರಿಸಿ ಇಳಿಸಲು ಎರಡು ನಿಮಿಷ ತೆಗೆದುಕೊಂಡರೆ ಎರಡು ನಿಲುಗಡೆಗಳನ್ನು ಸೇರಿಸಿದಂತೆಯೇ ಸರಿ. ವೇಗದೂತ ಬಸ್ಸಿನಲ್ಲಿ ಸರಕನ್ನು ವಿರಾಮಕಾಲವಿರುವ ಕೊನೆಯ ನಿಲ್ದಾಣಗಳಲ್ಲಿ ಮಾತ್ರ ತುಂಬಿ ಇಳಿಸಬೇಕು. ಹೂವು, ತರಕಾರಿಯ ಮೂಟೆಗಳಿಗೆ ಸಾಮಾನ್ಯ ಬಸ್ಸು ಅಥವಾ ಸರಕಿನ ವಾಹನವೇ ಯೋಗ್ಯ. ಈ ಶಿಸ್ತನ್ನು ವರ್ತಕರೇ ಪಾಲಿಸದಿದ್ದರೆ ವೇಗದ ಬೇಡಿಕೆಯನ್ನು ಮುಂದಿಡುವ ನೈತಿಕ ಹಕ್ಕು ಅವರಿಗಿರುವುದಿಲ್ಲ.

ಹುಬ್ಬಳ್ಳಿ–ಧಾರವಾಡದ ಅನುಭವ

ರಾಜ್ಯದಲ್ಲಿ ವೇಗದ ಬಸ್ ಸೇವೆಯ ದೊಡ್ಡ ಪ್ರಯೋಗ ನಡೆದದ್ದು ಹುಬ್ಬಳ್ಳಿ–ಧಾರವಾಡದಲ್ಲಿ. ಸುಮಾರು 22 ಕಿ.ಮೀ. ಉದ್ದದ ಆ ಮಾರ್ಗದಲ್ಲಿ ಚಿಗರಿ ಬಸ್ಸುಗಳು 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡತೊಡಗಿದವು. 2020ರ ಫೆಬ್ರವರಿಯಲ್ಲಿ ಯೋಜನೆಯ ವಿಧ್ಯುಕ್ತ ಉದ್ಘಾಟನೆಯಾಯಿತು. ರಸ್ತೆಯ ನಡುವೆ ಪ್ರತ್ಯೇಕ ಪಥ, ಬಸ್ಸು ಹತ್ತುವ ಮುನ್ನವೇ ಟಿಕೆಟ್, ಬಸ್ಸಿನ ನೆಲಕ್ಕೆ ಸಮನಾದ ಕಟ್ಟೆ, ನಿಲ್ದಾಣಗಳ ಬಳಿ ಹಿಂದಿನ ಬಸ್ಸು ಮುಂದೆ ಹೋಗಲು ಎರಡನೆಯ ಪಥ ಇವು ಅದರ ಮುಖ್ಯ ಅಂಶಗಳು. ಈ ಎರಡನೆಯ ಪಥವಿದ್ದುದರಿಂದಲೇ ಎಲ್ಲೆಡೆ ನಿಲ್ಲುವ ಬಸ್ಸು ಮತ್ತು ಕೆಲವೆಡೆ ಮಾತ್ರ ನಿಲ್ಲುವ ಬಸ್ಸು ಒಂದೇ ಮಾರ್ಗದಲ್ಲಿ ಓಡುವುದು ಸಾಧ್ಯವಾಯಿತು. ನಗರಗಳೊಳಗೆ ಸಾಮಾನ್ಯ ಸಂಚಾರದೊಡನೆ ಬೆರೆಯಬೇಕಾದ ಕಡೆ ಬಸ್ಸಿನ ವೇಗ ಇತರ ವಾಹನಗಳ ಕೈಯಲ್ಲಿರುತ್ತದೆ ಎಂಬುದೂ ಅಲ್ಲಿ ಕಂಡುಬಂದ ಸಂಗತಿ.

ಚಾಮರಾಜನಗರ, ಗುಂಡ್ಲುಪೇಟೆಗಳ ಮಾರ್ಗಕ್ಕೆ ಅಂತಹ ಪ್ರತ್ಯೇಕ ಪಥದ ಅಗತ್ಯವಿಲ್ಲ. ಆದರೆ ಸಾಮಾನ್ಯ ಬಸ್ಸು ರಸ್ತೆಯಿಂದ ಸರಿದು ನಿಲ್ಲಲು ಜಾಗ, ಹೊರಡುವ ಮುನ್ನ ಟಿಕೆಟ್, ನಿಲ್ದಾಣದ ದ್ವಾರದಲ್ಲಿ ಆಟೊ ಮತ್ತು ಲಾರಿಗಳ ತಡೆಯಿಲ್ಲದಿರುವುದು ಇವು ಇಲ್ಲಿಗೂ ಬೇಕು. ಇವು ಅಲ್ಪ ಖರ್ಚಿನ ಕೆಲಸಗಳು.

ವರ್ತಕರ ಪಾತ್ರ

ಬಸ್ಸು ಹೆಚ್ಚಿಸಿ ಎಂಬ ಮನವಿಗೆ ಬಸ್ಸಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಲೆಕ್ಕದೊಡನೆ ಸಲ್ಲಿಸಿದ ಮನವಿಗೆ ಹಾಗೆ ಉತ್ತರಿಸುವುದು ಕಷ್ಟ. ಈ ದಿಸೆಯಲ್ಲಿ ಸ್ಥಳೀಯ ವರ್ತಕರ ಮತ್ತು ಉದ್ದಿಮೆದಾರರ ಸಂಘಗಳು ಕೆಳಗಿನ ಕ್ರಮಗಳನ್ನು ಕೈಗೊಳ್ಳಬಹುದು.

1. ಒಂದು ವಾರ ಕಾಲ ಆಯ್ದ ಬಸ್ಸುಗಳಲ್ಲಿ ಪ್ರಯಾಣಿಸಿ, ಎಲ್ಲೆಲ್ಲಿ ಎಷ್ಟು ನಿಮಿಷ ನಿಂತಿತು, ಎಷ್ಟು ಮಂದಿ ಹತ್ತಿ ಇಳಿದರು ಎಂಬುದನ್ನು ದಾಖಲಿಸುವುದು. ಈ ಲೇಖನದಲ್ಲಿ ಮಾದರಿಗಾಗಿ ಹಿಡಿದ ಅಂಕಿಗಳ ಸ್ಥಾನದಲ್ಲಿ ಆ ನಿಜವಾದ ಅಂಕಿಗಳನ್ನಿಟ್ಟು ಲೆಕ್ಕವನ್ನು ಮತ್ತೊಮ್ಮೆ ಮಾಡುವುದು.

2. ಕಾರ್ಖಾನೆಗಳ ಪಾಳಿಯ ವೇಳೆ, ಸಂತೆಯ ದಿನ, ಎಪಿಎಂಸಿ ಹರಾಜಿನ ವೇಳೆ, ಚಾಮರಾಜನಗರದ ರೈಲುಗಳ ವೇಳೆ ಇವುಗಳ ಪಟ್ಟಿಯನ್ನು ಸಿದ್ಧಪಡಿಸಿ ನಿಗಮದ ವಿಭಾಗೀಯ ಕಚೇರಿಗೆ ಒದಗಿಸುವುದು.

3. ಮೊದಲಿಗೆ ಚಾಮರಾಜನಗರ–ಗುಂಡ್ಲುಪೇಟೆ ನಡುವೆ ಮಾತ್ರ, ಎರಡು ಬಸ್ಸುಗಳೊಡನೆ, ಮೂರು ತಿಂಗಳ ಪ್ರಯೋಗವನ್ನು ಕೋರುವುದು. ಈ ಅವಧಿಯಲ್ಲಿ ಯಾವುದೇ ಸಾಮಾನ್ಯ ಬಸ್ಸನ್ನು ಕಡಿಮೆ ಮಾಡಬಾರದೆಂದು ಮನವಿಯಲ್ಲಿಯೇ ಸ್ಪಷ್ಟಪಡಿಸುವುದು.

4. ಪ್ರಯೋಗದಿಂದ ಬಸ್ಸುಗಳು ಉಳಿದದ್ದಾದರೆ ಅವು ಯಾವ ಹಳ್ಳಿಗಳಿಗೆ ಸಲ್ಲಬೇಕೆಂಬುದನ್ನು ಗ್ರಾಮ ಪಂಚಾಯಿತಿಗಳೊಡನೆ ಮುಂಚಿತವಾಗಿಯೇ ಚರ್ಚಿಸಿ ಬರವಣಿಗೆಯಲ್ಲಿ ದಾಖಲಿಸುವುದು.

ಇವುಗಳಲ್ಲಿ ನಾಲ್ಕನೆಯದೇ ಮುಖ್ಯವಾದುದು. ಬೇಗೂರಿನಲ್ಲಿಯೋ ತೆರಕಣಾಂಬಿಯಲ್ಲಿಯೋ ಇಳಿದ ರೈತನಿಗೆ ತನ್ನ ಹಳ್ಳಿಯ ಬಸ್ಸು ಹತ್ತು ನಿಮಿಷದಲ್ಲಿ ಸಿಗುವುದಾದರೆ ವೇಗದೂತ ಜಾಲಕ್ಕೆ ವಿರೋಧ ಹುಟ್ಟುವುದಿಲ್ಲ. ಆ ಬಸ್ಸು ಇಲ್ಲವಾದರೆ ಮುಖ್ಯ ರಸ್ತೆಯಲ್ಲಿ ಉಳಿಸಿದ ಕಾಲವನ್ನು ಅಲ್ಲಿನ ಜನರೇ ಕಾದು ತುಂಬಿಕೊಟ್ಟಂತಾಗುತ್ತದೆ.